ಇಂಗ್ಲಿಷರಿಗೆ ತಮ್ಮ ಹಳೆಯ ಸಾಮ್ರಾಜ್ಯದ ಬಗ್ಗೆ ಇನ್ನೂ ಹೆಮ್ಮೆ ಇದೆಯಾ?

"ಅಲ್ಲಿನ ಪೇಪರ್‌ಗಳನ್ನು ನೋಡಿದರೆ ಬ್ರಿಟನ್ನಿನವರು ಇನ್ನೂ ಪ್ರಪಂಚ ಆಳುತ್ತಿದ್ದೇವೆ ಅಂದುಕೊಂಡ ಹಾಗಿದೆ. ನಿಜವಾಗಿ ಜನ ಹಾಗೇ ಇದ್ದಾರಾ?" ಅಂತ ಕೇಳಿದ್ದೀರಿ. ನಾನು 2009ರಿಂದ ಬ್ರಿಸ್ಟಲ್‌ನಲ್ಲಿದ್ದೇನೆ. ಹುಟ್ಟೂರು ಶ್ರೀರಂಗಪಟ್ಟಣದ ಪಕ್ಕ. ಹಾಗಾಗಿ ಈ ಪ್ರಶ್ನೆ ನನಗೆ ಎರಡೂ ಕಡೆಯಿಂದ ಚುಚ್ಚುತ್ತದೆ.

ಜನಾಭಿಪ್ರಾಯ ಸಮೀಕ್ಷೆ ಮಾಡುವ ಯೂಗವ್ ಸಂಸ್ಥೆ 2014ರಲ್ಲಿ ಕೇಳಿದಾಗ 59% ಜನ ಸಾಮ್ರಾಜ್ಯ ಹೆಮ್ಮೆ ಪಡುವಂಥದ್ದು ಅಂದಿದ್ದರು. 2020ರಲ್ಲಿ ಹಾಗೆ ಅಂದವರು 32%. ಆ ಸಲ ಹೆಮ್ಮೆಯೂ ಇಲ್ಲ, ನಾಚಿಕೆಯೂ ಇಲ್ಲ ಅಂದವರೇ ಜಾಸ್ತಿ, 37%. ನಾನು ದಿನಾ ನೋಡುವ ಜನವೂ ಬಹುಪಾಲು ಇವರೇ. ಇವರು ಸುಳ್ಳು ಹೇಳುವುದಿಲ್ಲ. ಅರ್ಧ ಕಥೆ ಹೇಳಿ ಟೀ ಕಾಯಿಸಲು ಎದ್ದು ಹೋಗುತ್ತಾರೆ.

ಸರ್ಕಾರವೇ ಹಾಗೆ ಮಾಡಿದ್ದುಂಟು. 2018ರ ಫೆಬ್ರವರಿಯಲ್ಲಿ ಇಲ್ಲಿನ ಹಣಕಾಸು ಇಲಾಖೆ ಒಂದು ಟ್ವೀಟ್ ಹಾಕಿತು. ನೀವು ಕಟ್ಟಿದ ತೆರಿಗೆಯಿಂದ ಗುಲಾಮರ ವ್ಯಾಪಾರ ಕೊನೆಗೊಂಡಿತು, ನಿಮ್ಮಂಥ ಲಕ್ಷಾಂತರ ಜನ ಅದಕ್ಕೆ ನೆರವಾದರು ಅಂತ. ಓದಿದರೆ ಎದೆ ಉಬ್ಬಬೇಕು. ಅಸಲಿ ಕಥೆ ಬೇರೆ. ಗುಲಾಮಗಿರಿ ರದ್ದು ಮಾಡಿದ 1833ರ ಕಾಯ್ದೆಯ ಪ್ರಕಾರ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಆಗಿನ ಸರ್ಕಾರದ ವರ್ಷದ ಖರ್ಚಿನಲ್ಲಿ ಅದು ಸುಮಾರು 40%. ಹೋದದ್ದೆಲ್ಲ ಗುಲಾಮರನ್ನು ಇಟ್ಟುಕೊಂಡಿದ್ದ ಮಾಲೀಕರ ಜೇಬಿಗೆ. ಗುಲಾಮರಿಗೆ ಬಿಡಿಗಾಸಿಲ್ಲ. ಅದರ ಮೇಲೆ 'ಅಪ್ರೆಂಟಿಸ್' ಅನ್ನೋ ಹೆಸರಲ್ಲಿ ಅದೇ ಮಾಲೀಕರ ಹತ್ತಿರ 1838ರವರೆಗೂ ದುಡಿತ. ಈ ಪರಿಹಾರಕ್ಕೆ ಎತ್ತಿದ ಸಾಲದ ಬಾಕಿ ಪೂರ್ತಿ ತೀರಿದ್ದು 2015ರಲ್ಲಿ! ಜನ ಸಿಟ್ಟಾದರು, ಟ್ವೀಟ್ ಅಳಿಸಿದರು. ನಾನು ಆಗ ಪೇ ಸ್ಲಿಪ್ ತೆಗೆದು ನೋಡಿದೆ. 2009ರಿಂದ 2015ರವರೆಗೆ ಕಟ್ಟಿದ ತೆರಿಗೆಯಲ್ಲಿ ಒಂದೆರಡು ಪೈಸೆಯಾದರೂ ಅಲ್ಲಿಗೆ ಹೋಗಿರಬೇಕು ಅಲ್ವಾ? ಮಂಡ್ಯ ಜಿಲ್ಲೆಯವನ ದುಡ್ಡು!

ಬ್ರಿಸ್ಟಲ್‌ನ ಎಡ್ವರ್ಡ್ ಕೋಲ್‌ಸ್ಟನ್ ಪ್ರತಿಮೆಯ ಸುದ್ದಿ ನೀವೂ ಕೇಳಿರಬಹುದು. ಗುಲಾಮರ ವ್ಯಾಪಾರದಲ್ಲಿ ದುಡ್ಡು ಮಾಡಿದ ಹಳೆಯ ಕಾಲದ ವ್ಯಾಪಾರಿ. ಅವನು ಸೇರಿಕೊಂಡಿದ್ದ ರಾಯಲ್ ಆಫ್ರಿಕನ್ ಕಂಪನಿ ಅವನ ಕಾಲದಲ್ಲಿ ಸುಮಾರು 84,000 ಆಫ್ರಿಕನ್ನರನ್ನು ಹಡಗಿಗೆ ತುಂಬಿ ಸಾಗಿಸಿತು. 1895ರಲ್ಲಿ ಪ್ರತಿಮೆ ನಿಲ್ಲಿಸಿದವರು ಕೆಳಗೆ ಬರೆಸಿದ್ದು ಊರಿನ ಸದ್ಗುಣಿ, ವಿವೇಕಿ ಮಗ ಅಂತ. ನಾನು ಎಷ್ಟೋ ವರ್ಷ ಅದರ ಬುಡದಲ್ಲೇ ಓಡಾಡಿದ್ದೇನೆ, ಯಾರಪ್ಪ ಇವನು ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ. 2020ರ ಜೂನ್ 7ರಂದು ಜನ ಹಗ್ಗ ಕಟ್ಟಿ ಕೆಡವಿ ಬಂದರಿನ ನೀರಿಗೆ ತಳ್ಳಿದರು. ಈಗ ಎಂ ಶೆಡ್ ಮ್ಯೂಸಿಯಂನಲ್ಲಿ ಅಂಗಾತ ಮಲಗಿದ್ದಾನೆ, ಅವತ್ತು ಜನ ಮೈಮೇಲೆ ಬಳಿದ ಬಣ್ಣವನ್ನೂ ತೊಳೆದಿಲ್ಲ. ನಿಂತಿದ್ದಾಗ ಕಂಡದ್ದಕ್ಕಿಂತ ಮಲಗಿದಾಗಲೇ ಚೆನ್ನಾಗಿ ಕಾಣುತ್ತಾನೆ.

ಇನ್ನು ಪೇಪರ್‌ಗಳು. ಅವನ್ನು ನೋಡಿ ಜನರನ್ನು ಅಳೆಯಬೇಡಿ. 1996ರ ಯೂರೋ ಫುಟ್‌ಬಾಲ್ ಸೆಮಿಫೈನಲ್‌ಗೆ ಮುಂಚೆ ಡೈಲಿ ಮಿರರ್ ಮುಖಪುಟದಲ್ಲಿ ಇಂಗ್ಲೆಂಡ್ ಆಟಗಾರರ ತಲೆಗೆ ಯುದ್ಧದ ಹೆಲ್ಮೆಟ್ ಹಾಕಿಸಿ, ಜರ್ಮನ್ನರೇ ಶರಣಾಗಿ ಅನ್ನೋ ಧಾಟಿಯಲ್ಲಿ ಹೆಡ್ಡಿಂಗ್ ಕೊಟ್ಟಿತ್ತು. ಮಿರರ್ ಅಂದರೆ ಲೇಬರ್ ಪಕ್ಷದ ಕಡೆಯ ಪೇಪರ್. ಈ ಚಾಳಿ ಬಲಪಂಥದವರಿಗೆ ಮಾತ್ರ ಅಂದುಕೊಳ್ಳಬೇಡಿ. ಓದುಗರೇ ಛೀಮಾರಿ ಹಾಕಿದರು, ಸಂಪಾದಕ ಕ್ಷಮೆ ಕೇಳಬೇಕಾಯಿತು. ಪಂದ್ಯ? ಪೆನಾಲ್ಟಿಯಲ್ಲಿ ಜರ್ಮನಿ ಗೆದ್ದಿತು.

ನಮ್ಮ ಸರದಿ 2023ರ ಆಗಸ್ಟ್‌ನಲ್ಲಿ ಬಂತು. ಚಂದ್ರಯಾನ-3 ಇಳಿದಾಗ ಇಲ್ಲಿನ ಒಂದು ಟಿವಿ ಚಾನೆಲ್‌ನ ನಿರೂಪಕ, ಹಾಗಾದರೆ ನಾವು ಕೊಟ್ಟ ನೆರವಿನ ಹಣ ವಾಪಸ್ ಕೊಡಿ ಅಂದ. ನಮ್ಮವರು ಕೊಹಿನೂರಿಂದ ಹಿಡಿದು ಲೆಕ್ಕ ಕೊಟ್ಟರು. ಮಾರನೇ ದಿನ ಆಫೀಸಿಗೆ ಹೋದರೆ ಸಹೋದ್ಯೋಗಿಗಳು ಕೈ ಕುಲುಕಿದ್ದೇ ಕುಲುಕಿದ್ದು. ಆ ನಿರೂಪಕನ ಮಾತು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಒಮ್ಮೆ ನಮ್ಮನ್ನು ಬಾತ್ ಹತ್ತಿರದ ಡಿರಮ್ ಪಾರ್ಕ್ ಬಂಗಲೆ ನೋಡಲು ಕರೆದುಕೊಂಡು ಹೋಗಿದ್ದರು. ಅಲ್ಲಿ ಎರಡು ಮರದ ಬೊಂಬೆಗಳಿದ್ದವು. ಮಂಡಿಯೂರಿ ಕೂತ ಕಪ್ಪು ಗುಲಾಮರು, ಮೈಗೆ ಸರಪಳಿ, ಕೈಯಲ್ಲಿ ದೊಡ್ಡ ಚಿಪ್ಪು. "ಇವರನ್ನ ಯಾಕೆ ಕಟ್ಟಿಹಾಕಿದ್ದಾರೆ?" ಅಂತ ಮಗಳು ಕೇಳಿದಳು. ಮೇಷ್ಟ್ರು ಕೆಮ್ಮಿದರು. ನಾನು ಅವಳಿಗೆ ಕಿಟಕಿಯಾಚೆಯ ಜಿಂಕೆಗಳನ್ನು ತೋರಿಸಿದೆ. ವಾಪಸ್ ಬರುವಾಗ ಕಾರಿನಲ್ಲಿ ಅವರೇ ಶುರು ಮಾಡಿದರು. "ನಮಗೆ ಶಾಲೆಯಲ್ಲಿ ಐನೂರು ವರ್ಷ ಹಿಂದಿನ ಟ್ಯೂಡರ್ ರಾಜರು, ಅಲ್ಲಿಂದ ಸೀದಾ ಹಿಟ್ಲರ್. ನಡುವಿನದನ್ನು ಯಾರೂ ಹೇಳಲಿಲ್ಲ, ನಾನೂ ಯಾರಿಗೂ ಹೇಳಲಿಲ್ಲ" ಅಂದರು.

ಕಳೆದ ವರ್ಷ ಅದೇ ಮೇಷ್ಟ್ರು ಲಂಡನ್‌ಗೆ ಹೋಗಿ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಟಿಪ್ಪುವಿನ ಹುಲಿ ನೋಡಿ ಬಂದರು. ಬಿಳಿಯನ ಕುತ್ತಿಗೆಗೆ ಬಾಯಿ ಹಾಕಿದ ಮರದ ಹುಲಿ, 1799ರಲ್ಲಿ ನಮ್ಮ ಶ್ರೀರಂಗಪಟ್ಟಣದಿಂದ ಹೊತ್ತು ತಂದದ್ದು. ಅದು ಇಲ್ಲಿರಬೇಕಾದ್ದಲ್ಲ ಅಂತ ಅವರೇ ಹೇಳಿದಾಗ ನನಗೆ ಖುಷಿಯಾಯಿತು. ಆಮೇಲೆ ಕೇಳಿದರು: "ನಿಮ್ಮ ಕಡೆ ಟಿಪ್ಪು ಬಗ್ಗೆ ಜನ ಏನಂತಾರೆ?"

ಮಂಡ್ಯದ ಮನೆಯ ವಾಟ್ಸಾಪ್ ಗ್ರೂಪ್ ಒಡೆದು ಎರಡಾಗಿದ್ದೇ ಆ ವಿಷಯಕ್ಕೆ. ಕೊಡಗಿನ ಭಾವ ಇವತ್ತಿಗೂ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ.

"ಟೀ ಕಾಯಿಸ್ತೀನಿ, ಕೂತ್ಕೊಳ್ಳಿ" ಅಂತ ಎದ್ದೆ.