ಭತ್ತದ ತೂಕ ಎಷ್ಟು ಪರ್ಸೆಂಟ್ ಇಳಿಯಿತು?

ಸಿಂಧನೂರಿನ 50 ಗ್ರಾಂ ಭತ್ತ ಒಣಗಿದ ಮೇಲೆ 42 ಆಯ್ತು, ನನಗೆ 19 ಪರ್ಸೆಂಟ್ ಬಂತು, ಗೆಳೆಯನಿಗೆ 16 ಬಂತು ಅಂತ ಕೇಳಿದ್ದೀರಿ. ಗೆಳೆಯನ ಲೆಕ್ಕ ಸರಿ. ಹೊಸ ಅಳತೆಯಲ್ಲಿ ಹಳೆಯದನ್ನು ಕಳೆಯಿರಿ, ಹಳೆಯದರಿಂದಲೇ ಭಾಗಿಸಿ, 100ರಿಂದ ಗುಣಿಸಿ. ಉತ್ತರ ಮೈನಸ್ 16. ಮೈನಸ್ ಬಿಡಬೇಡಿ, ತೂಕ ಇಳಿದಿದೆ ಅಂತ ಹೇಳೋದೇ ಅದು.

ನೀವು 42ರಿಂದ ಭಾಗಿಸಿದ್ದೀರಿ. ಮಣ್ಣಿನ ತೇವ ಅಳೆಯುವಾಗ ಒಣ ತೂಕದಿಂದ ಭಾಗಿಸುವ ರೂಢಿ ಇದೆ, ಅದು ನೆನಪಲ್ಲಿತ್ತು ಅಲ್ವಾ?

ಇನ್ನೊಂದು ಮಾತು. ನಮ್ಮ ರಾಯಚೂರಲ್ಲಿ ಬೆಳಿಗ್ಗೆ 25 ಡಿಗ್ರಿ, ಮಧ್ಯಾಹ್ನ 40 ಇದ್ದರೆ ಸುಮ್ನೆ 60 ಪರ್ಸೆಂಟ್ ಜಾಸ್ತಿ ಅಂತ ಬರೆಯಬೇಡಿ. ಸೆಲ್ಸಿಯಸ್ ಸೊನ್ನೆ ನಿಜವಾದ ಸೊನ್ನೆ ಅಲ್ಲ. ನಿಜವಾದ ಸೊನ್ನೆಯಿಂದ ಶುರುವಾಗುವ ಕೆಲ್ವಿನ್ ಅಳತೆಯಲ್ಲಿ ಅದು 298ರಿಂದ 313, ಸುಮಾರು 5 ಪರ್ಸೆಂಟ್ ಅಷ್ಟೇ.