ಬೇರು ಹೊಕ್ಕ ಸೀವರ್ ಪೈಪು: ಲೈನಿಂಗ್ ಮಾಡಿಸಬೇಕೇ, ಅಗೆಸಬೇಕೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಶಿಕಾಗೊ ಹತ್ತಿರದ ಉಪನಗರದಲ್ಲಿ 1950ರ ದಶಕದ ಮನೆ ಕೊಂಡಿದ್ದೀರಿ. ಬೇಸ್‌ಮೆಂಟಿನ ಫ್ಲೋರ್ ಡ್ರೈನಿನಿಂದ ಎರಡು ಸಲ ಕೊಳಚೆ ಉಕ್ಕಿದೆ. ಕ್ಯಾಮೆರಾ ಬಿಟ್ಟು ನೋಡಿದವರು, ಮನೆಯ ಕೊಳಚೆ ಸಾಗಿಸುವ ಸುಟ್ಟ ಮಣ್ಣಿನ ಸೀವರ್ ಪೈಪಿನ ಜಾಯಿಂಟುಗಳಲ್ಲಿ ಮೇಪಲ್ ಮರದ ಬೇರು ಇಳಿದಿದೆ, ಸುಮಾರು 40 ಅಡಿ ದೂರದಲ್ಲಿ ನೀರು ನಿಂತಿದೆ ಎಂದಿದ್ದಾರೆ. ಅಗೆಯುವುದೇ ಬೇಡ, ಒಳಗಿನಿಂದ ಪೂರ್ತಿ ಲೈನಿಂಗ್ (ಹಳೆ ಪೈಪಿನೊಳಗೇ ಹೊಸ ಪದರ) ಮಾಡಿಸಿ ಅನ್ನುತ್ತಿದ್ದಾರೆ. ಬೆಂಗಳೂರಿನ ಜಯನಗರದ ಅಪ್ಪ-ಅಮ್ಮನ ಮನೆಗೂ ಇದು ಆಗುತ್ತದೆಯೇ ಅಂತಲೂ ಕೇಳಿದ್ದೀರಿ.

ಬೇರಿಗೆ ಲೈನಿಂಗ್ ಒಳ್ಳೆಯ ಮದ್ದು. ನಿಂತ ನೀರಿಗೆ ಅದು ಮದ್ದೇ ಅಲ್ಲ. ಆ 40ನೇ ಅಡಿಯಲ್ಲಿ ಏನಾಗಿದೆ ಎಂದು ಖಚಿತವಾಗುವ ತನಕ ಕೊಟೇಷನ್ನಿಗೆ ಸಹಿ ಹಾಕಬೇಡಿ.

ನಾನು ಅಮೆರಿಕದಲ್ಲೇ ಒಳಚರಂಡಿ ದುರಸ್ತಿಯ ಎಂಜಿನಿಯರ್. ಇಂಥ ವಿಡಿಯೋಗಳನ್ನು ನೋಡಿ ಯಾವ ಪೈಪಿಗೆ ಏನು ಮಾಡಬೇಕು ಎಂದು ಹೇಳುವುದು ನನ್ನ ಕೆಲಸದ ಭಾಗ. ಲೈನಿಂಗ್ ಬಗ್ಗೆ ನನಗೆ ಗೌರವವಿದೆ. 1971ರಲ್ಲಿ ಲಂಡನ್‌ನಲ್ಲಿ ಎರಿಕ್ ವುಡ್ ಎಂಬ ಎಂಜಿನಿಯರ್ ಹಳೆಯ ಸೀವರೊಂದರಲ್ಲಿ ಮೊದಲ ಸಲ ಮಾಡಿ ತೋರಿಸಿದ ವಿಧಾನ ಇದು. ಫೆಲ್ಟ್ ಬಟ್ಟೆಯ ಉದ್ದನೆಯ ಕೊಳವೆಯನ್ನು ರೆಸಿನ್ ಎಂಬ ಗಟ್ಟಿಯಾಗುವ ಅಂಟುದ್ರವದಲ್ಲಿ ನೆನೆಸಿ, ಗಾಳಿ ಅಥವಾ ನೀರಿನ ಒತ್ತಡದಿಂದ ಹಳೆ ಪೈಪಿನೊಳಕ್ಕೆ ತಳ್ಳುತ್ತಾರೆ. ಅಂಗಿಯ ತೋಳನ್ನು ಮಗುಚಿದಂತೆ ಒಳಮೈ ಹೊರಗಾಗುತ್ತ ಅದು ಮುಂದೆ ಸಾಗುತ್ತದೆ, ರೆಸಿನ್ ಇರುವ ಮೈ ಹಳೆ ಪೈಪಿಗೆ ಒತ್ತಿಕೊಳ್ಳುತ್ತದೆ. ಆಮೇಲೆ ಬಿಸಿನೀರು, ಹಬೆ ಅಥವಾ ಯುವಿ (ಅತಿನೇರಳೆ) ಬೆಳಕಿನಿಂದ ಗಟ್ಟಿ ಮಾಡುತ್ತಾರೆ. ಮನೆ ಪೈಪುಗಳಲ್ಲಿ ಕೆಲವೇ ಮಿಲಿಮೀಟರ್ ದಪ್ಪದ, ಜಾಯಿಂಟೇ ಇಲ್ಲದ ಹೊಸ ಪೈಪು ಹಳೆಯದರ ಒಳಗೆ ಸಿದ್ಧವಾಗುತ್ತದೆ. ಒಳಸುತ್ತು ಸ್ವಲ್ಪ ಕಿರಿದಾದರೂ ಮೈ ನುಣುಪಾಗಿರುವುದರಿಂದ ಮನೆಯ ನೀರು ಹರಿಯಲು ತೊಂದರೆಯಿಲ್ಲ.

ಆದರೆ ಆ ಹೊಸ ಪೈಪು ಹಳೆಯದು ಹೇಗಿದೆಯೋ ಹಾಗೇ ಮಲಗುತ್ತದೆ. ಬಿರುಕು, ಬಾಯಿಬಿಟ್ಟ ಜಾಯಿಂಟು, ಅಲ್ಲಲ್ಲಿ ಉದುರಿದ ಚೂರು, ಬೇರು, ಇವೆಲ್ಲಕ್ಕೂ ಸರಿ. ಇಳಿಜಾರು ಕೆಟ್ಟು ಪೈಪು ನಡುವೆ ಕುಸಿದು ಹೊಟ್ಟೆಬಿಟ್ಟಿದ್ದರೆ ಲೈನಿಂಗ್ ಆದ ಮೇಲೂ ಆ ಹೊಟ್ಟೆ ಅಲ್ಲೇ ಇರುತ್ತದೆ. ನುಣುಪಾದ ಹೊಸ ಪೈಪಿನಲ್ಲಿ ಎಣ್ಣೆಜಿಡ್ಡು, ಕಾಗದ ಅಲ್ಲೇ ಕೂರುತ್ತವೆ, ನೀವು ದುಡ್ಡು ಕೊಟ್ಟ ಮೇಲೂ ಬೇಸ್‌ಮೆಂಟಿನಲ್ಲಿ ಕೊಳಚೆ ಉಕ್ಕುತ್ತದೆ. ಸಾಮಾನ್ಯವಾಗಿ ಮನೆ ಸೀವರಿಗೆ ಅಡಿಗೆ ಕಾಲು ಇಂಚು ಇಳಿಜಾರು ಇಟ್ಟುಕೊಳ್ಳುತ್ತಾರೆ. ಅಂದರೆ 60 ಅಡಿ ಪೈಪು ಕೊನೆ ಮುಟ್ಟುವಷ್ಟರಲ್ಲಿ ಇಳಿಯುವುದು ಬರೀ 15 ಇಂಚು. ನಡುವೆ ಒಂದೆರಡು ಇಂಚು ಕುಸಿದರೂ ನೀರು ನಿಲ್ಲುವುದು ಅದಕ್ಕೇ.

ಈಗ ನಿಮ್ಮ 40ನೇ ಅಡಿಗೆ ಬರೋಣ. ನೀರು ನಿಂತಿದೆ ಅಂದಮಾತ್ರಕ್ಕೆ ಪೈಪು ಕುಸಿದಿದೆ ಎಂದು ಒಪ್ಪಬೇಡಿ. ಸ್ವಲ್ಪ ಮುಂದೆ ಬೇರಿನ ಗೊಂಚಲು ಅಡ್ಡ ಕಟ್ಟಿದ್ದರೂ ಹಿಂದೆ ಹೀಗೇ ನಿಲ್ಲುತ್ತದೆ. ಬೇರು ಕತ್ತರಿಸಿ, ಜೆಟ್ಟಿಂಗ್ (ಹೆಚ್ಚು ಒತ್ತಡದ ನೀರು ಚಿಮ್ಮಿಸುವುದು) ಮಾಡಿ ಪೂರ್ತಿ ತೊಳೆದ ಮೇಲೆ ಇನ್ನೊಮ್ಮೆ ಕ್ಯಾಮೆರಾ ಬಿಡಲಿ. ಮನೆಯ ನಲ್ಲಿ ಕೆಲವು ನಿಮಿಷ ತೆರೆದಿಟ್ಟು, ನಿಲ್ಲಿಸಿ, ಆಗ ನೋಡಬೇಕು. ಲೆನ್ಸು ಎಲ್ಲಿ ನೀರಿಗೆ ಮುಳುಗಿತು, ಎಲ್ಲಿ ಮೇಲೆದ್ದಿತು, ಎರಡೂ ಕಡೆಯ ಅಡಿಯ ಲೆಕ್ಕ ಬರೆದುಕೊಳ್ಳಿ. ನೀರು ಹರಿದುಹೋಗಿ ಖಾಲಿಯಾದರೆ ಲೈನಿಂಗ್ ಮಾಡಿಸಲು ನಾನು ಧೈರ್ಯವಾಗಿ ಹೇಳುತ್ತೇನೆ. ಪೈಪಿನ ತಳದಲ್ಲಿ ತೆಳುವಾಗಿ, ಒಂದೆರಡು ಅಡಿ ಮಾತ್ರ ನಿಂತರೆ ಹಾಗೇ ಬದುಕಬಹುದು. ಲೆನ್ಸು ಹಲವು ಅಡಿ ದೂರ ಮುಳುಗಿಯೇ ಇದ್ದರೆ ಆ ಭಾಗವನ್ನಷ್ಟೇ ಅಗೆಸಿ, ಪಿವಿಸಿ ಹಾಕಿಸಿ ಇಳಿಜಾರು ಸರಿಮಾಡಿಸಿ, ಉಳಿದದ್ದಕ್ಕೆ ಲೈನಿಂಗ್ ಮಾಡಿಸಿ. ಬೇಸ್‌ಮೆಂಟ್ ಇರುವ ಮನೆಯ ಪೈಪು ಆಳದಲ್ಲಿರುತ್ತದೆ. ಗುಂಡಿಯ ಗೋಡೆಗೆ ಆಸರೆ ಕಟ್ಟಿ ಅಗೆಯಬೇಕಾದ ಕೆಲಸ ಅದು, ಪರ್ಮಿಟ್ ಇಲ್ಲದವರಿಂದ ಖಂಡಿತ ಬೇಡ.

ಅವರು ಎರಡನೇ ಸಲ ಕ್ಯಾಮೆರಾ ಬಿಡಲು ಒಪ್ಪದಿದ್ದರೆ ಬೇರೆಯವರನ್ನು ಕರೆಸಿ. ಕ್ಯಾಮೆರಾ ತಪಾಸಣೆಗೆ ಮಾತ್ರ ಹಣ ಪಡೆಯುವ, ಲೈನಿಂಗ್ ಮಾರದ ಪ್ಲಂಬರ್ ಸಿಕ್ಕರೆ ಇನ್ನೂ ಒಳ್ಳೆಯದು. ವಿಡಿಯೋ ಫೈಲು ನಿಮ್ಮ ಕೈಗೆ ಬರಲೇಬೇಕು.

ಬೇರು ಕತ್ತರಿಸುವ ಮೊದಲು ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಅಗೆಯದೆ ನೆಲ ಕೊರೆದು ಗ್ಯಾಸ್ ಪೈಪು ಎಳೆಯುವಾಗ ಅದು ಕೆಲವು ಕಡೆ ಗೊತ್ತಿಲ್ಲದೆ ಸೀವರ್ ಪೈಪನ್ನೇ ತೂರಿಕೊಂಡು ಹೋಗಿರುತ್ತದೆ. ಬೇರು ಅಂತ ತಿಳಿದು ಕಟರ್ ತಿರುಗಿಸಿದರೆ ಗ್ಯಾಸ್ ನೇರ ಮನೆಯೊಳಗೆ ಬರುತ್ತದೆ. ಅಮೆರಿಕದಲ್ಲಿ ಹೀಗೆ ಸ್ಫೋಟಗಳಾಗಿವೆ. ಹಾಗಾಗಿ ಕಟರ್‌ಗಿಂತ ಮೊದಲು ಕ್ಯಾಮೆರಾ. ವಿಡಿಯೋದಲ್ಲಿ ಹಳದಿ ಪ್ಲಾಸ್ಟಿಕ್ಕಿನಂಥದ್ದು ಅಡ್ಡ ಕಂಡರೆ ಕೆಲಸ ನಿಲ್ಲಿಸಿ ಗ್ಯಾಸ್ ಕಂಪನಿಗೆ ಫೋನ್ ಮಾಡಿ. ಎಲ್ಲೇ ಅಗೆಸುವುದಿದ್ದರೂ ಮೊದಲು ನೆಲದೊಳಗಿನ ಪೈಪು, ತಂತಿಗಳನ್ನು ಗುರುತಿಸಲು ಇರುವ 811 ಫೋನ್ ಸಂಖ್ಯೆಗೆ ತಿಳಿಸಬೇಕು.

ಪೈಪು ಯಾವುದರದ್ದು ಎನ್ನುವುದೂ ಮುಖ್ಯ. ನಿಮ್ಮದು ಮಣ್ಣಿನ ಪೈಪು, ಅದು ಗಟ್ಟಿ. ಸೋಲುವುದು ಸಾಮಾನ್ಯವಾಗಿ ಜಾಯಿಂಟಿನಲ್ಲಿ. ಅದೇ ಕಾಲದ ಕೆಲವು ಮನೆಗಳಲ್ಲಿ ಆರೆಂಜ್‌ಬರ್ಗ್ ಎಂಬ ಪೈಪು ಇರುತ್ತದೆ, ಮರದ ತಿರುಳು ಮತ್ತು ಡಾಂಬರಿನಿಂದ ಮಾಡಿದ್ದು. ಅದು ಚಪ್ಪಟೆಯಾಗಿ ಒಳಗೆ ಗುಳ್ಳೆಯೆದ್ದಿದ್ದರೆ ಲೈನಿಂಗ್ ಬೇಡವೇ ಬೇಡ. ಅಂಥಲ್ಲಿ, ಅಥವಾ ಪೈಪು ಬಹಳ ಒಡೆದುಹೋದಲ್ಲಿ, ಎರಡು ತುದಿಗೂ ಗುಂಡಿ ತೋಡಿ ಹಳೆಯದನ್ನು ಒಡೆಯುತ್ತ ಹೊಸ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು ಎಳೆಯುವ ವಿಧಾನವಿದೆ. ಅದು ಕೂಡ ಕುಸಿದ ಇಳಿಜಾರನ್ನು ಪೂರ್ತಿ ಸರಿಮಾಡುತ್ತದೆ ಎಂದು ನಂಬಬೇಡಿ.

ಕೊಟೇಷನ್ನಿನಲ್ಲಿ ನಾನಾದರೆ ಮೊದಲು ಹುಡುಕುವುದು ಲೈನಿಂಗ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು. ರಸ್ತೆಯ ಮುಖ್ಯ ಸೀವರಿಗೆ ಸೇರುವ ಜಾಯಿಂಟಿಗಿಂತ ಒಂದೆರಡು ಅಡಿ ಮೊದಲೇ ನಿಲ್ಲಿಸಿದರೆ ಬೇರು ಅಲ್ಲಿಂದಲೇ ಮತ್ತೆ ಒಳಗೆ ಬರುತ್ತದೆ. ನಡುವೆ ಬಂದು ಸೇರುವ ಕವಲುಗಳನ್ನು ಮೊದಲೇ ಗುರುತಿಸಿರಬೇಕು, ಲೈನಿಂಗ್ ಅವನ್ನು ಮುಚ್ಚಿಬಿಡುತ್ತದೆ, ಆಮೇಲೆ ಸಣ್ಣ ಕಟರಿನಿಂದ ಒಳಗಿನಿಂದ ತೆರೆಯಬೇಕು. ಒಳಗಡೆ 4 ಇಂಚಿನ ಎರಕದ ಕಬ್ಬಿಣ, ಹೊರಗೆ 6 ಇಂಚಿನ ಮಣ್ಣಿನ ಪೈಪು ಇದ್ದರೆ ಆ ಬದಲಾವಣೆಯಲ್ಲಿ ಸುಕ್ಕು ಬರದಂತೆ ಏನು ಮಾಡುತ್ತಾರೆ ಎಂದು ಕೇಳಿ. ಎಎಸ್‌ಟಿಎಂ ಎಫ್1216ರಂಥ, ಲೈನಿಂಗ್ ಕೆಲಸಕ್ಕೆ ಇರುವ ಮಾನದಂಡದ ಹೆಸರು, ಗ್ಯಾರಂಟಿಯ ಅವಧಿ, ಎರಡೂ ಬರಹದಲ್ಲಿರಲಿ. 50 ವರ್ಷ ಬಾಳುತ್ತದೆ ಅನ್ನುವುದು ವಿನ್ಯಾಸದ ಲೆಕ್ಕ, ಗ್ಯಾರಂಟಿ ಅದಕ್ಕಿಂತ ಚಿಕ್ಕದಿರುತ್ತದೆ. ಕೊನೆಯ ಕಂತನ್ನು ಕೆಲಸ ಮುಗಿದ ಮೇಲಿನ ವಿಡಿಯೋ ನೋಡಿಯೇ ಕೊಡಿ. ನಿಮ್ಮ ಊರಿನ ಕಚೇರಿಯಲ್ಲಿ ವಿಚಾರಿಸಿ. ಖರ್ಚಿನ ಒಂದು ಪಾಲನ್ನು ವಾಪಸು ಕೊಡುವ ಉಪನಗರಗಳಿವೆ.

ಕೆಲಸದ ದಿನ ಹಲವು ಗಂಟೆ ನೀರು ಬಳಸುವಂತಿಲ್ಲ. ಪಾಲಿಯೆಸ್ಟರ್ ಅಥವಾ ವಿನೈಲ್ ಎಸ್ಟರ್ ರೆಸಿನ್ ಆದರೆ ಸಾಮಾನ್ಯವಾಗಿ ಸ್ಟೈರೀನ್ ಎಂಬ ರಾಸಾಯನಿಕ ಇರುತ್ತದೆ, ಕಟುವಾದ ವಾಸನೆ. ಹಬೆಯಿಂದ ಗಟ್ಟಿ ಮಾಡುವಾಗ ಏಳುವ ಬಿಳಿ ಹೊಗೆ ಬರೀ ನೀರಿನ ಆವಿಯಲ್ಲ ಎಂದು ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ತೋರಿಸಿದ್ದಾರೆ. ಬಳಸದೆ ಒಣಗಿರುವ ಫ್ಲೋರ್ ಡ್ರೈನುಗಳಿಗೆ ಹಿಂದಿನ ರಾತ್ರಿಯೇ ನೀರು ಸುರಿದು ಟ್ರ್ಯಾಪು (ಪೈಪಿನ ವಾಸನೆ ತಡೆಯಲು ನೀರು ನಿಲ್ಲುವ ಬಾಗು) ತುಂಬಿಸಿಡಿ. ಮನೆಯಲ್ಲಿ ಪುಟ್ಟ ಮಗುವೋ ಬಸುರಿಯೋ ಇದ್ದರೆ ಆ ದಿನ ಬೇರೆಲ್ಲಾದರೂ ಇರಲಿ. ಸ್ಟೈರೀನ್ ಇಲ್ಲದ ಎಪಾಕ್ಸಿ ರೆಸಿನ್ನಿನಲ್ಲಿ ಮಾಡುತ್ತೀರಾ ಎಂದು ಕೇಳಿನೋಡಿ.

ಇನ್ನು ಜಯನಗರದ ಮನೆ. ಅಲ್ಲಿ ನಾನು ಲೈನಿಂಗ್ ಮಾಡಿಸುವುದಿಲ್ಲ. ನಮ್ಮ ಹಳೆ ಮನೆಗಳಲ್ಲಿ ಸ್ಟೋನ್‌ವೇರ್ (ಸುಟ್ಟ ಮಣ್ಣಿನ) ಪೈಪು ಆಳವಿಲ್ಲದೆ ಸೈಟಿನ ಪಕ್ಕದಲ್ಲೇ ಹಾದು, ಕೆಲವು ಅಡಿಗೊಂದು ಚೇಂಬರ್ ದಾಟಿ ಯುಜಿಡಿಗೆ (ರಸ್ತೆಯ ಒಳಚರಂಡಿಗೆ) ಸೇರುತ್ತದೆ. ಲೈನಿಂಗ್ ಯಂತ್ರ, ಜನ ಬಂದು ಸಜ್ಜಾಗುವ ಖರ್ಚು ಪೈಪು ಗಿಡ್ಡವಾದರೂ ಕಡಿಮೆಯಾಗುವುದಿಲ್ಲ. ಅಷ್ಟು ದೂರಕ್ಕೆ ಅಗೆದು, ಜಲ್ಲಿ ಬೆಡ್ ಹಾಕಿ, ಪಿವಿಸಿ ಕೂರಿಸಿ, ಚೇಂಬರಿನ ಒಳಗೋಡೆ ಪ್ಲಾಸ್ಟರ್ ಮಾಡಿಸುವುದೇ ಸರಿ. ಕಾಂಪೌಂಡಿನಾಚೆ ರಸ್ತೆ ಅಗೆಯಬೇಕಾದರೆ ಜಲಮಂಡಳಿಯ ಸ್ಥಳೀಯ ಕಚೇರಿಗೆ ಮೊದಲು ಅರ್ಜಿ ಕೊಡಲಿ. ಆ ಪೈಪು ನೀರಿನ ಸಂಪಿನ ಪಕ್ಕದಲ್ಲೇ ಹಾದುಹೋಗಿದ್ದರೆ ಅಮೆರಿಕದ ಮನೆಗಿಂತ ಮೊದಲು ಅದನ್ನೇ ಮಾಡಿಸಿ. ಒಡೆದ ಜಾಯಿಂಟಿನ ಕೊಳಚೆ ಸಂಪಿನ ಬಿರುಕಿಗೆ ಇಳಿದರೆ ಅವರು ಕುಡಿಯುವುದು ಅದೇ ನೀರನ್ನು.