ಮಾಹಿತಿ ಯುಗ ಶುರುವಾದದ್ದು ಯಾವಾಗ? ಯುಗಗಳಿಗೆ ಗೆರೆ ಎಳೆದವರು ಯಾರು?

ಪ್ರಶ್ನೆ: ಮಗಳ ಸಮಾಜ ವಿಜ್ಞಾನದ ನೋಟ್ಸ್‌ನಲ್ಲಿ ಒಂದು ಪಟ್ಟಿ ಇದೆ. ಶಿಲಾಯುಗ, ಕಂಚಿನ ಯುಗ, ಕಬ್ಬಿಣದ ಯುಗ, ಕೈಗಾರಿಕಾ ಯುಗ, ಕೊನೆಗೆ ಮಾಹಿತಿ ಯುಗ. ಮಾಹಿತಿ ಯುಗ ಯಾವ ವರ್ಷ ಶುರುವಾಯಿತು, ಅದನ್ನು ತೀರ್ಮಾನ ಮಾಡಿದವರು ಯಾರು ಅಂತ ಕೇಳುತ್ತಾಳೆ. ಊರಲ್ಲಿ ನಮ್ಮಪ್ಪ ಇನ್ನೂ ರಾಗಿ ಬೆಳೆಯುತ್ತಾರೆ. ‘ಹಾಗಾದ್ರೆ ತಾತ ಯಾವ ಯುಗದಲ್ಲಿದ್ದಾರೆ?’ ಅನ್ನೋದು ಅವಳ ಎರಡನೇ ಪ್ರಶ್ನೆ.
(ತುಮಕೂರಿನ ಓದುಗರು)

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಇಂಥದ್ದೇ ವರ್ಷ ಅಂತ ಒಂದಿಲ್ಲ. ತೀರ್ಮಾನ ಮಾಡುವ ಮಂಡಳಿಯೂ ಇಲ್ಲ. ಹೆಚ್ಚಿನವರು 20ನೇ ಶತಮಾನದ ಎರಡನೇ ಅರ್ಧ, ಅದರಲ್ಲೂ 1970ರ ದಶಕದ ಆಸುಪಾಸು ಅನ್ನುತ್ತಾರೆ. ಒಂದು ವರ್ಷ ಯಾಕೆ ಸಿಗುವುದಿಲ್ಲ ಅಂತ ಮಗಳಿಗೆ ಅರ್ಥ ಮಾಡಿಸಬೇಕಾದರೆ, ಪಟ್ಟಿಯ ಮೊದಲ ಮೂರು ಹೆಸರು ಎಲ್ಲಿಂದ ಬಂದವು ಅಂತ ಹೇಳಬೇಕು.

1816ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಹಳೆಯ ವಸ್ತುಗಳ ಸಂಗ್ರಹವೊಂದರ ಹೊಣೆ ಕ್ರಿಶ್ಚಿಯನ್ ಥಾಮ್ಸನ್ ಅವರಿಗೆ ಬಂತು. ಅವರು ವ್ಯಾಪಾರಿಯ ಮಗ, ನಾಣ್ಯ ಕೂಡಿಡುವ ಹವ್ಯಾಸದವರು. ಎದುರಿಗೆ ಕಲ್ಲಿನ ಕೊಡಲಿ, ಕಂಚಿನ ಕತ್ತಿ, ತುಕ್ಕು ಹಿಡಿದ ಕಬ್ಬಿಣ, ಎಲ್ಲ ಕಲಸಿಕೊಂಡು ಬಿದ್ದಿತ್ತು. ಯಾವುದಕ್ಕೂ ಇಸವಿ ಇಲ್ಲ. ಅವರು ಗಮನ ಕೊಟ್ಟಿದ್ದು ಯಾವುದು ಯಾವುದರ ಜೊತೆ ಸಿಕ್ಕಿದೆ ಅನ್ನುವುದಕ್ಕೆ. ಒಂದೇ ಗೋರಿಯಲ್ಲಿ ಒಟ್ಟಿಗೆ ಹೂತದ್ದು ಒಂದೇ ಕಾಲದ್ದಾಗಿರಬೇಕು ಅಲ್ವಾ? ಆ ಲೆಕ್ಕದಲ್ಲಿ ಆಕಾರ, ಅಲಂಕಾರ, ಲೋಹ ಎಲ್ಲವನ್ನೂ ಹೋಲಿಸಿ ಕಲ್ಲು, ಕಂಚು, ಕಬ್ಬಿಣ ಎಂದು ಮೂರು ಭಾಗ ಮಾಡಿದರು. 1819ರಲ್ಲಿ ಸಂಗ್ರಹಾಲಯ ಜನರಿಗೆ ತೆರೆಯಿತು. 1836ರಲ್ಲಿ ಈ ವಿಂಗಡಣೆ ಅಚ್ಚಾಯಿತು. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದಷ್ಟೇ ಥಾಮ್ಸನ್‌ಗೆ ಗೊತ್ತಿತ್ತು. ವಸ್ತುಗಳನ್ನು ಜೋಡಿಸಿಡಲು ಅಷ್ಟು ಸಾಕಾಗಿತ್ತು.

ಡೆನ್ಮಾರ್ಕಿಗೆ ಅದು ಚೆನ್ನಾಗಿ ಹೊಂದಿತು. ನಮ್ಮ ಕಡೆಗೆ ತಂದರೆ ಏನಾಗುತ್ತದೆ ನೋಡಿ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿಸಿದರು. ಕೆಳಗಿನ ಪದರದಲ್ಲಿ ಉಜ್ಜಿ ನಯ ಮಾಡಿದ ಕಲ್ಲಿನ ಕೊಡಲಿಗಳು, ಜೊತೆಗೆ ಅಲ್ಪಸ್ವಲ್ಪ ತಾಮ್ರ, ಕಂಚು. ಅದರ ಮೇಲೆ ದೊಡ್ಡ ಕಲ್ಲುಗಳ ಗೋರಿ ಕಟ್ಟಿದ ಜನರ ಕಬ್ಬಿಣದ ಸಾಮಾನು. ಅದಕ್ಕೂ ಮೇಲೆ ಶಾತವಾಹನರ ಕಾಲದ ಮಡಕೆಗಳು. ಕಂಚಿನ ಯುಗ ಅನ್ನಬಹುದಾದ ಬೇರೆ ಪದರವೇ ಇಲ್ಲ. ದಕ್ಷಿಣ ಭಾರತದ ಬಹುತೇಕ ಕಡೆ ಇದೇ ಕತೆ. ಕಲ್ಲಿನಿಂದ ನೇರವಾಗಿ ಕಬ್ಬಿಣಕ್ಕೆ. ಪಟ್ಟಿಯ ಎರಡನೇ ಹೆಸರು ನಮ್ಮ ನೆಲದಲ್ಲಿ ನಡೆಯುವುದೇ ಇಲ್ಲ. ಅದನ್ನು ಮಕ್ಕಳಿಗೆ ಹೇಳದೆ ಬರೀ ಪಟ್ಟಿ ಬಾಯಿಪಾಠ ಮಾಡಿಸುವುದು ನನಗೆ ಬೇಸರದ ವಿಷಯ.

ಅದೇ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನ ಇದೆ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಇಸಿಲದ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಅದು. ಕೊನೆಯಲ್ಲಿ ಬರೆದವನ ಹೆಸರೂ ಇದೆ, ಚಪಡ. ಉಳಿದದ್ದೆಲ್ಲ ಬ್ರಾಹ್ಮಿ ಲಿಪಿಯಲ್ಲಿದೆ. ತಾನು ಲಿಪಿಕಾರ ಎಂದು ಹೇಳುವ ಪದವನ್ನು ಮಾತ್ರ ಅವನು ವಾಯವ್ಯ ಭಾರತದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಬರವಣಿಗೆಯ ಕಸುಬಿನವನೊಬ್ಬ ಅಷ್ಟು ದೂರದ ಲಿಪಿಯನ್ನು ಇಲ್ಲಿಗೆ ತಂದಿದ್ದ. ಸುದ್ದಿ ಕಳಿಸಿ, ದಾಖಲೆ ಇಟ್ಟು ರಾಜ್ಯ ನಡೆಸುವುದು ಅಷ್ಟು ಹಳೆಯದು. ಹಾಗಿದ್ದ ಮೇಲೆ ನಮ್ಮ ಕಾಲಕ್ಕೆ ಮಾತ್ರ ಮಾಹಿತಿ ಯುಗ ಅಂತ ಯಾಕೆ ಹೆಸರು?

ಈ ಮಾತು ಹುಟ್ಟಿದ್ದು ಅರ್ಥಶಾಸ್ತ್ರಜ್ಞರ ಮತ್ತು ಸಮಾಜಶಾಸ್ತ್ರಜ್ಞರ ಕಡೆಯಿಂದ. 1962ರಲ್ಲಿ ಫ್ರಿಟ್ಜ್ ಮ್ಯಾಕ್ಲಪ್ ಅಮೆರಿಕದ ಲೆಕ್ಕ ತೆಗೆದರು. ಶಿಕ್ಷಣ, ಸಂಶೋಧನೆ, ಮುದ್ರಣ, ಪ್ರಸಾರ, ಲೆಕ್ಕ ಮಾಡುವ ಯಂತ್ರಗಳು, ಇಂಥ ಕೆಲಸಗಳೆಲ್ಲ ಸೇರಿ 1958ರಲ್ಲಿ ಆ ದೇಶದ ಒಟ್ಟು ಉತ್ಪನ್ನದ ಸುಮಾರು ಶೇ 29ರಷ್ಟು ಆಗುತ್ತವೆ ಅಂತ ತೋರಿಸಿದರು. ಮರುವರ್ಷ ಜಪಾನಿನಲ್ಲಿ ತಾದಾವೊ ಉಮೆಸಾವೊ ‘ಮಾಹಿತಿ ಉದ್ಯಮ’ದ ಬಗ್ಗೆ ಬರೆದರು. 1973ರಲ್ಲಿ ಡೇನಿಯಲ್ ಬೆಲ್, ಕಾರ್ಖಾನೆ ಕೆಲಸ ಹಿಂದೆ ಸರಿದು ತಿಳಿವಳಿಕೆಯ ಕೆಲಸ ಮುಂದೆ ಬರುವ ಸಮಾಜದ ಬಗ್ಗೆ ಬರೆದರು. ಇವರೆಲ್ಲ ಅಳೆದದ್ದು ಸಂಬಳ ಎಲ್ಲಿಂದ ಬರುತ್ತದೆ, ಜನ ಏನು ಕೆಲಸ ಮಾಡುತ್ತಾರೆ ಅನ್ನುವುದನ್ನು. ಕಂಪ್ಯೂಟರ್ ಅದರ ಒಂದು ಭಾಗ ಅಷ್ಟೆ.

ಎಂಜಿನಿಯರುಗಳನ್ನು ಕೇಳಿದರೆ ಬೇರೆ ಗೆರೆ. ಕೆಲವರಿಗೆ 1947ರ ಕೊನೆಯಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ಮೊದಲ ಟ್ರಾನ್ಸಿಸ್ಟರ್, ಅಂದರೆ ವಿದ್ಯುತ್ ಸಂಕೇತವನ್ನು ಹಿಡಿತದಲ್ಲಿಡುವ ಪುಟ್ಟ ಬಿಡಿಭಾಗ. ಕೆಲವರಿಗೆ ಮರುವರ್ಷ ಅಲ್ಲಿಯೇ ಕ್ಲಾಡ್ ಶಾನನ್ ಬರೆದ ಪ್ರಬಂಧ. ಮಾತು, ಚಿತ್ರ, ಅಂಕಿ ಏನೇ ಇರಲಿ, ಅದರ ಪ್ರಮಾಣವನ್ನು ‘ಬಿಟ್’ನಲ್ಲಿ, ಅಂದರೆ ಸೊನ್ನೆ ಅಥವಾ ಒಂದು ಎಂಬ ಲೆಕ್ಕದಲ್ಲಿ, ಅಳೆಯಬಹುದು ಅಂತ ತೋರಿಸಿದ್ದು ಅದು. ಇನ್ನು ಕೆಲವರಿಗೆ ಕಂಪ್ಯೂಟರಿನ ಮಿದುಳನ್ನು ಒಂದೇ ಚಿಪ್‌ನಲ್ಲಿ ಕೂರಿಸಿದ 1971ರ ಇಂಟೆಲ್ 4004 ಮೈಕ್ರೊಪ್ರೊಸೆಸರ್. ಅಥವಾ 1993ರ ಏಪ್ರಿಲ್ 30, ವರ್ಲ್ಡ್ ವೈಡ್ ವೆಬ್ಬನ್ನು ಯಾರು ಬೇಕಾದರೂ ಬಳಸಲಿ ಅಂತ ಜಿನೀವಾದ ಭೌತವಿಜ್ಞಾನ ಸಂಶೋಧನಾ ಕೇಂದ್ರ ಸರ್ನ್ ಬಿಟ್ಟುಕೊಟ್ಟ ದಿನ.

ನನಗೆ ಜಾಸ್ತಿ ಹಿಡಿಸಿದ ಲೆಕ್ಕ 2011ರಲ್ಲಿ ಮಾರ್ಟಿನ್ ಹಿಲ್ಬರ್ಟ್ ಮತ್ತು ಪ್ರಿಸಿಲಾ ಲೋಪೆಜ್ ಪ್ರಕಟಿಸಿದ್ದು. ಜಗತ್ತಿನಲ್ಲಿ ಕೂಡಿಟ್ಟ ಮಾಹಿತಿಯಲ್ಲಿ ಪುಸ್ತಕ, ಕ್ಯಾಸೆಟ್, ಫೋಟೊ ಫಿಲ್ಮುಗಳಲ್ಲಿ ಎಷ್ಟಿದೆ, ಡಿಜಿಟಲ್ ರೂಪದಲ್ಲಿ ಎಷ್ಟಿದೆ ಅಂತ ಅವರು ಅಂದಾಜು ಮಾಡಿದರು. 1986ರಲ್ಲಿ ಡಿಜಿಟಲ್ ಪಾಲು ಶೇ 1ಕ್ಕಿಂತ ಕಡಿಮೆ. ಅರ್ಧ ದಾಟಿದ್ದು 2002ರಲ್ಲಿ. 2007ಕ್ಕೆ ಶೇ 94. ಮಗಳಿಗೆ ಒಂದು ಇಸವಿ ಬೇಕೇ ಬೇಕು ಅಂದರೆ 2002 ಅಂತ ಹೇಳಿ, ಆದರೆ ಯಾವ ಅಳತೆಯ ಪ್ರಕಾರ ಅನ್ನುವುದನ್ನೂ ಜೊತೆಗೆ ಹೇಳಿ.

ಇನ್ನು ತಾತನ ವಿಷಯ. ದುಡಿಮೆಯ ಲೆಕ್ಕ ಹಿಡಿದರೆ ತಾತ ಮಾಹಿತಿ ಯುಗದವರಲ್ಲ. ಅವರೊಬ್ಬರೇ ಅಲ್ಲ. 2011ರ ಜನಗಣತಿಯಲ್ಲಿ ನಮ್ಮ ದೇಶದ ದುಡಿಯುವವರಲ್ಲಿ ಶೇ 54.6ರಷ್ಟು ಮಂದಿ ರೈತರು ಮತ್ತು ಕೃಷಿ ಕೂಲಿಗಳು. ಆದರೆ ತಾತನ ಪಹಣಿ ಎಲ್ಲಿದೆ ಅಂತ ಕೇಳಿ ನೋಡಿ.

ಹಿಂದೆ ಶಾನುಭೋಗರ ಹತ್ತಿರ ಕಡತ ಇರುತ್ತಿತ್ತು. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಕೊನೆಕೊನೆಗೆ ಕಾಗದದ ರಿಜಿಸ್ಟರು, ಗ್ರಾಮ ಲೆಕ್ಕಿಗರ ಕೈಬರಹ. ಪಹಣಿ ಬೇಕಾದರೆ ಅವರು ಸಿಗಬೇಕು, ಬರೆದುಕೊಡಬೇಕು. 2000ದ ಆಸುಪಾಸಿನಲ್ಲಿ ಕರ್ನಾಟಕದ ‘ಭೂಮಿ’ ಯೋಜನೆ ಬಂತು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಪ್ರಿಂಟ್ ಸಿಗುತ್ತಿತ್ತು. ಒಳಗೆ ಏನು ಟೈಪಾಗುತ್ತಿದೆ ಅಂತ ರೈತರಿಗೂ ಕಾಣಲಿ ಎಂದು ಅವರ ಕಡೆಗೆ ತಿರುಗಿಸಿದ ಇನ್ನೊಂದು ಪರದೆ ಇಟ್ಟಿದ್ದರು. ಅದಾದ ಮೇಲೆ ಕೈಬರಹದ ಪಹಣಿಗೆ ಕಾನೂನಿನ ಬೆಲೆ ಇಲ್ಲವಾಯಿತು.

ಗೆರೆ ಎಳೆಯುವುದಾದರೆ ನಾನು ಇಲ್ಲಿ ಎಳೆಯುತ್ತೇನೆ. ಎಷ್ಟು ಮನೆಯಲ್ಲಿ ಕಂಪ್ಯೂಟರ್ ಇದೆ ಅನ್ನುವುದು ನನಗೆ ಮುಖ್ಯವಲ್ಲ. ತಕರಾರು ಬಂದಾಗ ಯಾವ ದಾಖಲೆ ನಿಲ್ಲುತ್ತದೆ ಅನ್ನುವುದು ಮುಖ್ಯ. ಆ ಲೆಕ್ಕದಲ್ಲಿ, ಕೀಬೋರ್ಡ್ ಮುಟ್ಟದ ರಾಗಿ ಬೆಳೆಗಾರರ ಜಮೀನು ಬೆಂಗಳೂರಿನ ಎಷ್ಟೋ ಕಚೇರಿಗಳಿಗಿಂತ ಮುಂಚೆಯೇ ಮಾಹಿತಿ ಯುಗಕ್ಕೆ ಬಂದಿದೆ. ಹೊಲದಲ್ಲಿ ತಾತ ಹಳೆಯ ಕಾಲದವರು, ಪಹಣಿಯಲ್ಲಿ ಹೊಸ ಕಾಲದವರು. ಎರಡೂ ನಿಜ. ಮಗಳಿಗೆ ಹಾಗೇ ಹೇಳಿ.

ಪ್ರಶ್ನೆ: ಕೃತ, ತ್ರೇತಾ, ದ್ವಾಪರ, ಕಲಿ ಎಂಬ ನಮ್ಮದೇ ಯುಗಗಳಿರುವಾಗ ಡೆನ್ಮಾರ್ಕಿನವರ ವಿಂಗಡಣೆ ಯಾಕೆ ಬೇಕು?
(ಧಾರವಾಡದ ಓದುಗರು)

ಉತ್ತರ: ಎರಡರ ಕೆಲಸವೇ ಬೇರೆ. ಕಲಿಯುಗ 4,32,000 ವರ್ಷ, ದ್ವಾಪರ ಅದರ ಎರಡರಷ್ಟು, ತ್ರೇತಾ ಮೂರರಷ್ಟು, ಕೃತ ನಾಲ್ಕರಷ್ಟು. ಇದು ಗಣಿತದ ಚೌಕಟ್ಟು. ಮಣ್ಣಿನಲ್ಲಿ ಸಿಕ್ಕ ವಸ್ತುಗಳನ್ನು ವಿಂಗಡಿಸಲು ಮಾಡಿದ್ದಲ್ಲ. ಆದರೆ ಕಾಲ ಎಣಿಸಲು ಅದು ನಿಜಕ್ಕೂ ಬಳಕೆಯಾಗಿದೆ. ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ಇಮ್ಮಡಿ ಪುಲಕೇಶಿಯ ಕವಿ ರವಿಕೀರ್ತಿಯ ಶಾಸನ ಇದೆ. ಭಾರತ ಯುದ್ಧವಾಗಿ 3735 ವರ್ಷ, ಶಕರ ಲೆಕ್ಕದಲ್ಲಿ 556 ವರ್ಷ ಕಳೆದಿವೆ ಅಂತ ಅದರಲ್ಲಿ ಬರೆದಿದೆ. ಎರಡು ಎಣಿಕೆಯೂ ಕ್ರಿ.ಶ. 634ಕ್ಕೆ ಬಂದು ಕೂಡುತ್ತವೆ. ಕಲಿಯ ಆರಂಭ ಕ್ರಿ.ಪೂ. 3102 ಎಂಬ ಗಣನೆ ಕರ್ನಾಟಕದಲ್ಲಿ ಆಗಲೇ ಚಾಲ್ತಿಯಲ್ಲಿತ್ತು ಎಂಬುದಕ್ಕೆ ಇದು ಗಟ್ಟಿ ಸಾಕ್ಷಿ. ಯುದ್ಧ ನಡೆದ ವರ್ಷಕ್ಕೆ ಮಾತ್ರ ಇದು ಸಾಕ್ಷಿಯಾಗುವುದಿಲ್ಲ.

ಇನ್ನೊಂದು ವ್ಯತ್ಯಾಸವೂ ಇದೆ. ನಮ್ಮ ಯುಗಗಳು ಇಳಿಯುತ್ತಾ ಬರುತ್ತವೆ, ಪ್ರತಿ ಯುಗಕ್ಕೂ ಧರ್ಮದ ಒಂದೊಂದು ಕಾಲು ಕಡಿಮೆ. ಗ್ರೀಕ್ ಕವಿ ಹೆಸಿಯಡ್ ಹೇಳುವ ಚಿನ್ನ, ಬೆಳ್ಳಿ, ಕಂಚು, ಕಬ್ಬಿಣದ ಕಾಲಗಳೂ ಹೆಚ್ಚುಕಮ್ಮಿ ಹಾಗೇ. ಶಾಲೆಯ ಪಟ್ಟಿ ಮಾತ್ರ ಮೇಲಕ್ಕೆ ಏರುತ್ತಾ ಹೋಗುತ್ತದೆ. ಏರಿಕೆ ಆಗಲಿ ಇಳಿಕೆ ಆಗಲಿ, ಅದು ಪಟ್ಟಿ ಮಾಡಿದವರ ಅಭಿಪ್ರಾಯ. ಮಣ್ಣಿನ ಪದರದಲ್ಲಿ ಅದು ಸಿಗುವುದಿಲ್ಲ.

ಪ್ರಶ್ನೆ: ಕೆಎಎಸ್ ತಯಾರಿ ನಡೆಸುತ್ತಿದ್ದೇನೆ. ಮಧ್ಯಕಾಲೀನ ಭಾರತ ಒಂದು ಪುಸ್ತಕದಲ್ಲಿ 8ನೇ ಶತಮಾನದಿಂದ, ಇನ್ನೊಂದರಲ್ಲಿ 1206ರಿಂದ ಶುರುವಾಗುತ್ತದೆ. ಯಾವುದು ಸರಿ?
(ಕಲಬುರಗಿಯ ಓದುಗರು)

ಉತ್ತರ: ಪರೀಕ್ಷೆಗೆ ನಿಮ್ಮ ಪಠ್ಯಕ್ರಮ ಹೇಳುವುದೇ ಸರಿ. ಒಳಗಿನ ವಿಷಯ ಹೀಗಿದೆ. ಪ್ರಾಚೀನ, ಮಧ್ಯ, ಆಧುನಿಕ ಎಂಬ ಮೂರು ಭಾಗವನ್ನು ಯುರೋಪಿನಲ್ಲಿ ಗಟ್ಟಿ ಮಾಡಿದವರು 17ನೇ ಶತಮಾನದ ಕೊನೆಯ ಜರ್ಮನ್ ಪ್ರಾಧ್ಯಾಪಕ ಕ್ರಿಸ್ಟೋಫ್ ಸೆಲ್ಲಾರಿಯಸ್. ಅವರ ಮಧ್ಯಯುಗ ಮುಗಿಯುವುದು 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಬಿದ್ದಾಗ. ಭಾರತಕ್ಕೆ ಜೇಮ್ಸ್ ಮಿಲ್ 1817ರಲ್ಲಿ ಹಿಂದೂ, ಮುಸ್ಲಿಂ, ಬ್ರಿಟಿಷ್ ಅಂತ ಮೂರು ಕಾಲ ಮಾಡಿದರು. ಅವರು ಭಾರತಕ್ಕೆ ಬಂದವರೇ ಅಲ್ಲ. ಆಮೇಲೆ ಹೆಸರುಗಳು ಬದಲಾದವು, ಗೆರೆಗಳು ಬಹಳ ಕಾಲ ಹಾಗೇ ಉಳಿದವು. 1206 ದೆಹಲಿ ಸುಲ್ತಾನರ ಆರಂಭ. ರಾಜರ ಧರ್ಮ ಬಿಟ್ಟು ಭೂದಾನ, ವ್ಯಾಪಾರ, ಊರುಗಳ ಬೆಳವಣಿಗೆ ನೋಡುವವರು ಗೆರೆಯನ್ನು ಹಲವು ಶತಮಾನ ಹಿಂದಕ್ಕೆ ಒಯ್ಯುತ್ತಾರೆ.

ನಿಮ್ಮ ಊರಿನಿಂದಲೇ ನೋಡಿ. 1336ರಲ್ಲಿ ವಿಜಯನಗರ, 1347ರಲ್ಲಿ ಬಹಮನಿ, ಅದರ ಮೊದಲ ರಾಜಧಾನಿ ಕಲಬುರಗಿ. ಇಬ್ಬರೂ ಒಂದೇ ಕಾಲದವರು, ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ರಾಯಚೂರು ದೋಆಬಿಗಾಗಿ ಮತ್ತೆ ಮತ್ತೆ ಕಾದಾಡಿದವರು. ಮಿಲ್ ಲೆಕ್ಕದಲ್ಲಿ ಇದಕ್ಕೆ ಏನು ಹೆಸರಿಡುವುದು? ಆ ವಿಂಗಡಣೆ ಕರ್ನಾಟಕಕ್ಕೆ ಬಂದರೆ ಮುರಿದುಬೀಳುತ್ತದೆ. ವಿವರಣಾತ್ಮಕ ಉತ್ತರದಲ್ಲಿ ಈ ಉದಾಹರಣೆ ಧೈರ್ಯವಾಗಿ ಬರೆಯಿರಿ.

ಪ್ರಶ್ನೆ: ಶಾಲೆಯಲ್ಲಿ ಪ್ರಬಂಧ ಸ್ಪರ್ಧೆಗೆ ‘ಮಾಹಿತಿ ಯುಗ ಮುಗಿಯಿತು, ಇದು ಎಐ ಯುಗ’ ಅಂತ ವಿಷಯ ಕೊಡಬೇಕೆಂದಿದ್ದೇವೆ. ಸರಿಯೇ?
(ಹಾಸನದ ಶಿಕ್ಷಕಿ)

ಉತ್ತರ: ಮೇಡಂ, ಕೊನೆಗೊಂದು ಪ್ರಶ್ನೆ ಚಿಹ್ನೆ ಹಾಕಿದರೆ ಸರಿ. ಬದುಕಿರುವಾಗಲೇ ತಮ್ಮ ಕಾಲಕ್ಕೆ ಹೆಸರಿಟ್ಟವರು ಬಹಳ ಜನ. 1945ರ ನಂತರ ಅಣುಯುಗ ಅಂದರು. 1957ರಲ್ಲಿ ಸ್ಪುಟ್ನಿಕ್ ಹಾರಿದ ಮೇಲೆ ಬಾಹ್ಯಾಕಾಶ ಯುಗ ಅಂದರು. ಅಣುಬಾಂಬೂ ಇದೆ, ಉಪಗ್ರಹಗಳೂ ಇವೆ, ಆದರೆ ಆ ಹೆಸರುಗಳು ಈಗ ಅಷ್ಟಾಗಿ ಕೇಳುವುದಿಲ್ಲ. ಎಐ ಎಂಬ ಹೆಸರೂ ಹೊಸದಲ್ಲ, ಜಾನ್ ಮೆಕಾರ್ಥಿ ಮತ್ತು ಜೊತೆಗಾರರು 1955ರಲ್ಲೇ ಅದನ್ನು ಬಳಸಿದ್ದರು. ಇವತ್ತಿನ ಎಐ ನಡೆಯುವುದು ಕಳೆದ ಕೆಲವು ದಶಕಗಳಲ್ಲಿ ಕೂಡಿಟ್ಟ ಡಿಜಿಟಲ್ ಮಾಹಿತಿಯ ಮೇಲೆಯೇ. ಹಾಗಾಗಿ ಮುಗಿಯಿತು ಅನ್ನುವುದನ್ನು ನಾನಂತೂ ಒಪ್ಪುವುದಿಲ್ಲ.

ಭೂವಿಜ್ಞಾನಿಗಳು ಈ ವಿಷಯದಲ್ಲಿ ಬಹಳ ಬಿಗಿ. ಅವರಿಗೆ ಕಾಲಘಟ್ಟಗಳನ್ನು ಒಪ್ಪುವ ಅಂತರರಾಷ್ಟ್ರೀಯ ಸಂಸ್ಥೆಯೇ ಇದೆ. ಬಂಡೆಯಲ್ಲೋ ಹಿಮದಲ್ಲೋ ಇಂಥ ಜಾಗ ಅಂತ ಗುರುತು ತೋರಿಸಬೇಕು. ನಾವೀಗ ಇರುವ ಭೂವೈಜ್ಞಾನಿಕ ಕಾಲಘಟ್ಟದ ಹೆಸರು ಮೇಘಾಲಯನ್. ಸುಮಾರು 4,200 ವರ್ಷ ಹಿಂದೆ ಶುರುವಾದದ್ದು, 2018ರಲ್ಲಿ ಒಪ್ಪಿಗೆಯಾದದ್ದು. ಅದರ ಗುರುತು ಮೇಘಾಲಯದ ಮಾವ್ಮ್ಲು ಗುಹೆಯಲ್ಲಿ ಹನಿ ಹನಿಯಾಗಿ ಬೆಳೆದ ಒಂದು ಸುಣ್ಣದ ಕಂಬ. ಮಳೆ ಕಡಿಮೆಯಾದ ಕಾಲ ಅದರ ಪದರಗಳಲ್ಲಿ ಕಾಣುತ್ತದೆ. ‘ಮಾನವ ಯುಗ’ ಅಂತ ಹೊಸದೊಂದನ್ನು ಸೇರಿಸಬೇಕೆಂಬ ಪ್ರಸ್ತಾಪ ವರ್ಷಗಟ್ಟಲೆ ಚರ್ಚೆಯಾಗಿ 2024ರ ಮಾರ್ಚ್‌ನಲ್ಲಿ ಬಿದ್ದುಹೋಯಿತು. ಮನುಷ್ಯ ಭೂಮಿಯನ್ನು ಬದಲಿಸಿಲ್ಲ ಅಂತ ಅದರ ಅರ್ಥವಲ್ಲ. 20ನೇ ಶತಮಾನದ ನಡುವಿನಲ್ಲಿ ಗೆರೆ ಎಳೆದರೆ ಸಾವಿರಾರು ವರ್ಷದ ಬೇಸಾಯ, ಕಾಡು ಕಡಿತ, ಆಮೇಲಿನ ಕಾರ್ಖಾನೆಗಳು ಹೊರಗೆ ಉಳಿಯುತ್ತವೆ ಅನ್ನುವುದು ವಿರೋಧಿಸಿದವರ ಮುಖ್ಯ ವಾದವಾಗಿತ್ತು.

ಸಾಧ್ಯವಾದರೆ ಸ್ಪರ್ಧೆಗೆ ಇನ್ನೊಂದು ವಿಷಯವನ್ನೂ ಇಡಿ. ನಮ್ಮ ಊರಿಗೆ ಮೊದಲ ರೇಡಿಯೊ, ಮೊದಲ ಫೋನ್, ಎಸ್‌ಟಿಡಿ ಬೂತ್, ಸೈಬರ್ ಕೆಫೆ ಯಾವಾಗ ಬಂದವು, ಯಾವುದು ಯಾವಾಗ ಮುಚ್ಚಿತು ಅಂತ ಅಜ್ಜ, ಅಜ್ಜಿ, ಅಂಚೆಯಣ್ಣ, ಅಂಗಡಿಯವರನ್ನು ಕೇಳಿಕೊಂಡು ಬಂದು ಮಕ್ಕಳು ಬರೆಯಲಿ. ಹೇಳಿದವರ ಹೆಸರು, ವಯಸ್ಸು, ಕೇಳಿದ ತಾರೀಖು ಕೆಳಗೆ ಹಾಕಿಸಿ, ಹಾಳೆಗಳನ್ನು ಶಾಲೆಯ ಲೈಬ್ರರಿಯಲ್ಲಿ ಇಟ್ಟುಕೊಳ್ಳಿ.